ಹೊಸ ಸೆಮಿ ಆಟೋಮ್ಯಾಟಿಕ್ ರೈಫಲ್‌ನ ಬೋಲ್ಟ್ ಬಿಗಿ: ಏನು ಮಾಡಬೇಕು, ಏನು ಮಾಡಬಾರದು

ಪ್ರಶ್ನೆ: ಗುರಿ ಅಭ್ಯಾಸಕ್ಕೆ ಅಂತ ಹೊಸ .22 ಎಲ್‌ಆರ್ ಸೆಮಿ ಆಟೋಮ್ಯಾಟಿಕ್ ರೈಫಲ್ ತಗೊಂಡಿದ್ದೇನೆ. ಬೋಲ್ಟ್ ಎಳೆದರೆ ಬಿಗಿಯಾಗಿದೆ, ಗರಗರ ಅನ್ನುತ್ತದೆ. ಒಂದು ಮ್ಯಾಗಜಿನ್ ಮುಗಿಯುವಷ್ಟರಲ್ಲಿ ಒಂದೆರಡು ಸಲ ಖಾಲಿ ತೋಟೆ ಹೊರಗೆ ಬೀಳದೆ ಕಿಟಕಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಸದ್ದು ಕಡಿಮೆ ಇರಲಿ ಅಂತ ಕಡಿಮೆ ವೇಗದ ತೋಟೆ ಬಳಸುತ್ತಿದ್ದೇನೆ. ಬೋಲ್ಟ್ ಪಾಲಿಶ್ ಮಾಡಿ, ಸ್ಪ್ರಿಂಗ್‌ನಲ್ಲಿ ಎರಡು ಸುತ್ತು ಕತ್ತರಿಸಿ ಅಂತ ಗೆಳೆಯರೊಬ್ಬರು ಹೇಳುತ್ತಿದ್ದಾರೆ. ಮಾಡಬಹುದೇ?

ಉತ್ತರ: ಸ್ಪ್ರಿಂಗ್ ಕತ್ತರಿಸಬೇಡಿ. ಪಾಲಿಶ್ ಕೂಡ ಸದ್ಯಕ್ಕೆ ಬೇಡ. ಅರ, ಎಮರಿ ಪೇಪರ್ ಎರಡನ್ನೂ ಪೆಟ್ಟಿಗೆಯಲ್ಲೇ ಇಟ್ಟಿರಿ.

ನಿಮ್ಮ ಪ್ರಶ್ನೆಯಲ್ಲಿ ಎರಡು ತೊಂದರೆ ಸೇರಿಕೊಂಡಿವೆ. ಬೋಲ್ಟ್, ಅಂದರೆ ನಳಿಗೆಯ ಹಿಂಬದಿಯನ್ನು ಮುಚ್ಚುವ, ಹಿಂದೆ ಮುಂದೆ ಜಾರುವ ಲೋಹದ ತುಂಡು, ಕೈಗೆ ಬಿಗಿ ಅನ್ನಿಸುವುದು ಒಂದು. ಗುಂಡು ಹಾರಿದಾಗ ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗದೆ ಇರುವುದು ಇನ್ನೊಂದು. ಮೊದಲನೆಯದರಿಂದಲೇ ಎರಡನೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೆಲವು ಸಲ ಹೌದು. ಆದರೆ ನೀವು ಬರೆದಿದ್ದನ್ನು ನೋಡಿದರೆ ನನ್ನ ಅನುಮಾನ ಮೊದಲು ಹೋಗುವುದು ತೋಟೆಯ ಮೇಲೆ.

.22 ಸೆಮಿ ಆಟೋಮ್ಯಾಟಿಕ್‌ಗಳಲ್ಲಿ ಹೆಚ್ಚಿನವು ಬ್ಲೋಬ್ಯಾಕ್ ರೈಫಲ್‌ಗಳು. 1964ರಲ್ಲಿ ಬಂದ ರೂಗರ್ 10/22 ಆಗಲಿ, ಮಾರ್ಲಿನ್ ಮಾಡೆಲ್ 60 ಆಗಲಿ, ಅದೇ ಜಾತಿ. ಇವುಗಳಲ್ಲಿ ಬೋಲ್ಟನ್ನು ಕಚ್ಚಿ ಹಿಡಿಯುವ ಲಾಕ್ ಇಲ್ಲ. ಬೋಲ್ಟ್‌ನ ತೂಕ, ಹಿಂದಿನ ಸ್ಪ್ರಿಂಗ್, ಇವೆರಡೇ ಚೇಂಬರನ್ನು, ಅಂದರೆ ತೋಟೆ ಕೂರುವ ಗೂಡನ್ನು, ಮುಚ್ಚಿಟ್ಟಿರುತ್ತವೆ. ಮದ್ದು ಉರಿದಾಗ ಗುಂಡು ಮುಂದಕ್ಕೆ ಹೋಗುತ್ತದೆ, ಖಾಲಿ ತೋಟೆ ಬೋಲ್ಟನ್ನು ಹಿಂದಕ್ಕೆ ತಳ್ಳುತ್ತದೆ. ಆ ಒಂದು ತಳ್ಳುವಿಕೆಯಲ್ಲೇ ಎಲ್ಲ ಕೆಲಸ ಮುಗಿಯಬೇಕು. ಖಾಲಿ ತೋಟೆ ಹೊರಗೆ ಎಸೆಯಬೇಕು, ಫೈರಿಂಗ್ ಪಿನ್ನಿಗೆ ಪೆಟ್ಟು ಕೊಡುವ ಹ್ಯಾಮರನ್ನು ಮಲಗಿಸಬೇಕು, ಸ್ಪ್ರಿಂಗ್ ಅದುಮಬೇಕು. ಆಮೇಲೆ ಆ ಸ್ಪ್ರಿಂಗ್ ಬೋಲ್ಟನ್ನು ಮುಂದಕ್ಕೆ ದೂಡಿ, ಮ್ಯಾಗಜಿನ್‌ನಿಂದ ಹೊಸ ತೋಟೆ ಎಳೆದು ಚೇಂಬರಿಗೆ ಕೂರಿಸಬೇಕು. ಇಷ್ಟಕ್ಕೆಲ್ಲ ಶಕ್ತಿ ಬರುವುದು ಒಂದು ಪುಟ್ಟ ತೋಟೆಯಿಂದ. ಅದು ದುರ್ಬಲವಾಗಿದ್ದರೆ ದಾರಿಯಲ್ಲಿ ಎಲ್ಲೋ ಕೆಲಸ ನಿಂತುಹೋಗುತ್ತದೆ.

ಲೆಕ್ಕ ನೋಡಿ. ಸಾಮಾನ್ಯ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ಗುಂಡಿನ ಹೈ ವೆಲಾಸಿಟಿ ತೋಟೆಯ ವೇಗ ಸೆಕೆಂಡಿಗೆ 1200 ಅಡಿಗಿಂತ ಮೇಲಿರುತ್ತದೆ. ಸಿಸಿಐ ಕಂಪನಿಯ ಮಿನಿ ಮ್ಯಾಗ್ ಡಬ್ಬಿಯ ಮೇಲೆ 1235 ಅಡಿ ಅಂತಿದೆ. ಸ್ಟ್ಯಾಂಡರ್ಡ್ ವೆಲಾಸಿಟಿ ತೋಟೆ 1070 ಅಡಿ ಆಸುಪಾಸು. ವ್ಯತ್ಯಾಸ ಸಣ್ಣದು ಅನ್ನಿಸುತ್ತದೆ, ಅಲ್ವಾ? ಆದರೆ ಶಕ್ತಿ ಏರುವುದು ವೇಗದ ವರ್ಗದ ಲೆಕ್ಕದಲ್ಲಿ. ಹಾಗಾಗಿ ಮೊದಲನೆಯದರಲ್ಲಿ ಮೂರನೇ ಒಂದು ಭಾಗದಷ್ಟು ಶಕ್ತಿ ಜಾಸ್ತಿ. ಸದ್ದೇ ಬೇಡ ಅಂತ ಮಾಡಿದ ತೋಟೆಗಳು ಇನ್ನೂ ಕೆಳಗಿವೆ. ಸಿಸಿಐ ಕ್ವಯಟ್ 22 ಅನ್ನುವುದು ಬರೀ 710 ಅಡಿ. ಅದನ್ನು ಮಾಡಿರುವುದೇ ಬೋಲ್ಟನ್ನು ಕೈಯಲ್ಲಿ ಎಳೆಯುವ ರೈಫಲ್‌ಗಳಿಗೆ. ಸೆಮಿ ಆಟೋಮ್ಯಾಟಿಕ್‌ನಲ್ಲಿ ಅದು ಓಡದಿದ್ದರೆ ರೈಫಲ್ ಕೆಟ್ಟಿದೆ ಅಂತ ಅರ್ಥವಲ್ಲ.

ಆದ್ದರಿಂದ ಮೊದಲ ಕೆಲಸ ಇದು: ಒಳ್ಳೆಯ ಕಂಪನಿಯ, 40 ಗ್ರೇನ್, ಗಟ್ಟಿ ಮೂತಿಯ, ಹೈ ವೆಲಾಸಿಟಿ ತೋಟೆ ತನ್ನಿ. ತಾಮ್ರ ಲೇಪವಿದ್ದರೆ ಇನ್ನೂ ಒಳ್ಳೆಯದು, ಸೀಸದ ಕೊಳೆ ಕಡಿಮೆ. ಮೊದಲ ಮುನ್ನೂರು ನಾನೂರು ಗುಂಡು ಅದರಲ್ಲೇ ಹೊಡೆಯಿರಿ. ಹಾಗಂತ ಅತಿ ವೇಗದ್ದಕ್ಕೆ ಹಾರಬೇಡಿ. ಸಿಸಿಐ ಸ್ಟಿಂಗರ್‌ನಂಥ ತೋಟೆಗಳಲ್ಲಿ ಹಿತ್ತಾಳೆಯ ಕವಚವೇ ಸ್ವಲ್ಪ ಉದ್ದ. ಮ್ಯಾಚ್ ಚೇಂಬರ್, ಅಂದರೆ ಸ್ಪರ್ಧೆಗೆಂದು ಬಿಗಿ ಅಳತೆಯಲ್ಲಿ ಕೊರೆದ ಚೇಂಬರ್, ಇರುವ ರೈಫಲ್‌ನಲ್ಲಿ ಅದನ್ನು ಹಾಕಬಾರದು.

ಕಡಿಮೆ ವೇಗದ ತೋಟೆಯ ಬಗ್ಗೆ ಇನ್ನೊಂದು ಮಾತು, ಇದು ಸುರಕ್ಷತೆಯದ್ದು. ಗುಂಡು ಹೊಡೆದಾಗ ಎಂದಿನ ಸದ್ದು ಬರದೆ ಸುಮ್ನೆ ಟುಸ್ ಅಂದರೆ ಅಲ್ಲಿಗೇ ನಿಲ್ಲಿಸಿ. ನಳಿಗೆಯನ್ನು ಗುರಿ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ಆಮೇಲೆ ಮ್ಯಾಗಜಿನ್ ತೆಗೆದು, ಚೇಂಬರ್ ಖಾಲಿ ಮಾಡಿ, ನಳಿಗೆಯೊಳಗೆ ಗುಂಡು ಸಿಕ್ಕಿಕೊಂಡಿದೆಯಾ ನೋಡಿ. ನೋಡದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬಬಹುದು, ಸೀಳಬಹುದು.

ಈಗ ಕೈಗೆ ಸಿಗುವ ಬಿಗಿಯ ವಿಷಯ. ಅದು ಎಲ್ಲಿಂದ ಬರುತ್ತಿದೆ ಅಂತ ತಿಳಿಯದೆ ಏನನ್ನೂ ಉಜ್ಜಬಾರದು. ಪರೀಕ್ಷೆ ಮಾಡಿ. ಮ್ಯಾಗಜಿನ್ ತೆಗೆಯಿರಿ. ಬೋಲ್ಟ್ ಹಿಂದಕ್ಕೆಳೆದು ಚೇಂಬರನ್ನು ಕಣ್ಣಲ್ಲೂ ನೋಡಿ, ಬೆರಳಲ್ಲೂ ಮುಟ್ಟಿ. ತೋಟೆಗಳು ಆ ಕೋಣೆಯಲ್ಲೇ ಇರಬಾರದು. ಬಿಚ್ಚುವಾಗ ಕಣ್ಣಿಗೆ ಕನ್ನಡಕ ಇರಲಿ. ಬೋಲ್ಟನ್ನು ಮುಂದಕ್ಕೆ ದೂಡುವ ರಿಕಾಯಿಲ್ ಸ್ಪ್ರಿಂಗ್ ಹಾರಿದರೆ ಕೋಣೆಯ ಮೂಲೆ ಹುಡುಕಬೇಕಾಗುತ್ತದೆ, ಅದೂ ಕಣ್ಣಿಗೆ ಬಡಿಯದಿದ್ದರೆ.

ಹ್ಯಾಮರ್ ಬಿದ್ದಿರುವಾಗ ಬೋಲ್ಟನ್ನು ಒಮ್ಮೆ ನಿಧಾನಕ್ಕೆ ಹಿಂದಕ್ಕೆಳೆಯಿರಿ, ಬಿಡಿ. ಟ್ರಿಗರ್ ಮುಟ್ಟದೆ ಮತ್ತೆ ಎಳೆಯಿರಿ. ಮೊದಲ ಸಲ ಆರಂಭದಲ್ಲಿ ಒಂದು ಗುಡ್ಡ ಹತ್ತಿದಂತೆ ಬಿಗಿ ಸಿಕ್ಕಿ, ಎರಡನೇ ಸಲ ಹಗುರಾಗಿ ಬಂದರೆ ನೀವು ಹೋರಾಡುತ್ತಿರುವುದು ಹ್ಯಾಮರ್ ಸ್ಪ್ರಿಂಗ್ ಜೊತೆ. ಅದು ದೋಷವಲ್ಲ. ತೋಟೆಯ ಅಂಚಿಗೆ ಪೆಟ್ಟು ಕೊಡಲು ಅಷ್ಟು ಬಲ ಬೇಕೇಬೇಕು. ಎರಡು ಸಲವೂ ಒಂದೇ ಥರ ಒರಟಾಗಿದ್ದರೆ ಮಾತ್ರ ಲೋಹಕ್ಕೆ ಲೋಹ ಉಜ್ಜುತ್ತಿದೆ ಅನ್ನಿ.

ಆಮೇಲೆ ಕೈಪಿಡಿ ನೋಡಿಕೊಂಡು ರೈಫಲ್‌ನ ಮೇಲ್ಭಾಗವನ್ನು ಮರದ ಅಥವಾ ಪ್ಲಾಸ್ಟಿಕ್ ಸ್ಟಾಕ್‌ನಿಂದ ಬಿಚ್ಚಿ, ಹಾಗೇ ಬೋಲ್ಟ್ ಎಳೆದು ನೋಡಿ. ಸ್ಟಾಕ್ ಇಲ್ಲದಿದ್ದಾಗ ಸಲೀಸು, ಸ್ಟಾಕ್‌ನಲ್ಲಿ ಕೂರಿಸಿದ ಮೇಲೆ ಬಿಗಿ ಅಂದರೆ ಅಪರಾಧಿ ಬೋಲ್ಟ್ ಅಲ್ಲ. ಎಳೆಯುವ ಹಿಡಿ ಸ್ಟಾಕ್‌ನ ಅಂಚಿಗೆ ತಾಗುತ್ತಿರುತ್ತದೆ, ಇಲ್ಲವೇ ಸ್ಟಾಕ್ ಸ್ಕ್ರೂ ವಿಪರೀತ ಬಿಗಿದಿರುತ್ತದೆ. ಈ ಸ್ಕ್ರೂವನ್ನು ಮೈಮೇಲೆ ಬಂದವರಂತೆ ಬಿಗಿಯುವವರು ತುಂಬಾ ಜನ. ಕೈಪಿಡಿಯಲ್ಲಿ ಹೇಳಿದಷ್ಟೇ ಸಾಕು.

ನನಗೆ ತುಂಬಾ ಇಷ್ಟವಾದ ಪರೀಕ್ಷೆ ಮಾರ್ಕರ್ ಪೆನ್ನಿನದು. ಬೋಲ್ಟ್ ಹೊರತೆಗೆದು, ಜಿಡ್ಡು ಒರೆಸಿ, ಅದರ ಬೆನ್ನು, ಎರಡು ಪಕ್ಕ, ಅಡಿಯ ಅಂಚು, ಇಷ್ಟಕ್ಕೂ ಅಳಿಯದ ಮಾರ್ಕರಿನಿಂದ ಬಣ್ಣ ಹಚ್ಚಿ. ಒಣಗಲಿ. ಮತ್ತೆ ಕೂರಿಸಿ, ಎಣ್ಣೆ ಹಾಕದೆ ಇಪ್ಪತ್ತು ಮೂವತ್ತು ಸಲ ಎಳೆದು ಬಿಟ್ಟು, ಬಿಚ್ಚಿ ನೋಡಿ. ಬಣ್ಣ ಎಲ್ಲಿ ಹೋಗಿದೆಯೋ ಅಲ್ಲೇ ಉಜ್ಜುತ್ತಿದೆ. ಸಾಮಾನ್ಯವಾಗಿ ಬೆನ್ನಿನ ಮೇಲೆ ಉದ್ದಕ್ಕೆ ಅಗಲವಾದ ಪಟ್ಟೆ ಕಾಣುತ್ತದೆ, ಅಡಿಯಲ್ಲಿ ಹ್ಯಾಮರ್ ಸವರಿದ ಗುರುತು ಕಾಣುತ್ತದೆ. ಎರಡೂ ಸಹಜ. ಯಾವುದೋ ಒಂದು ಮೂಲೆಯಲ್ಲಿ ಮಾತ್ರ ಸೂಜಿಯಲ್ಲಿ ಗೀರಿದ ಹಾಗೆ ತೆಳ್ಳನೆ ಗೆರೆ ಬಿದ್ದಿದ್ದರೆ ಅಲ್ಲಿ ಕಾರ್ಖಾನೆಯಲ್ಲಿ ಕೊರೆದಾಗಿನ ಲೋಹದ ಚೂಪು ಮುಳ್ಳು ಉಳಿದಿದೆ. ಬೆರಳ ಉಗುರು ಆಡಿಸಿದರೆ ಅದು ತಡೆಯುತ್ತದೆ. ನಿಮ್ಮ ಗರಗರ ಅಲ್ಲಿಂದ ಬರುತ್ತಿರಬಹುದು.

ಬಿಚ್ಚಿದ್ದೀರಲ್ಲ, ಈಗಲೇ ತೊಳೆಯಿರಿ. ಹೊಸ ರೈಫಲ್‌ಗೆ ಕಾರ್ಖಾನೆಯಲ್ಲಿ ಹಚ್ಚುವ ಎಣ್ಣೆ ತುಕ್ಕು ಹಿಡಿಯದಿರಲಿ ಅಂತ. ಓಡಾಟಕ್ಕೆ ಹಚ್ಚಿದ್ದಲ್ಲ. ಎಷ್ಟೋ ತಿಂಗಳು ಡಬ್ಬಿಯಲ್ಲಿ ಕೂತು ಅದು ಅಂಟಂಟಾಗಿರುತ್ತದೆ, ಯಂತ್ರದಲ್ಲಿ ಕೊರೆದ ಸಣ್ಣ ಪುಡಿಯೂ ಅದರಲ್ಲಿ ಸೇರಿರುತ್ತದೆ. ಬಂದೂಕಿಗೆಂದೇ ಬರುವ ಸಾಲ್ವೆಂಟ್‌ನಲ್ಲಿ ಬೋಲ್ಟ್, ಹಿಡಿಯ ಕಡ್ಡಿ, ಸ್ಪ್ರಿಂಗ್, ಬೋಲ್ಟ್ ಓಡಾಡುವ ಚೌಕಟ್ಟಾದ ರಿಸೀವರ್‌ನ ಒಳಗೋಡೆ ಎಲ್ಲ ಒರೆಸಿ. ಬಟ್ಟೆ ಬಿಳಿಯಾಗಿ ಬರುವವರೆಗೆ. ನಳಿಗೆಯಲ್ಲೂ ಒಂದೆರಡು ಬಟ್ಟೆಯ ಪ್ಯಾಚ್ ಆಡಿಸಿ. ಮೂತಿ ಕಡೆಯಿಂದ ಕಡ್ಡಿ ಹಾಕುವುದಾದರೆ ಅಂಚಿಗೆ ತಾಗದಂತೆ ಗೈಡ್ ಇರಲಿ. ನಿಖರತೆ ಕೂತಿರುವುದು ಆ ಅಂಚಿನಲ್ಲಿ. ಎಷ್ಟೋ ಬಿಗಿ ರೈಫಲ್‌ಗಳು ಈ ಒಂದು ತೊಳೆತದಲ್ಲೇ ಸರಿಹೋಗುತ್ತವೆ.

ಎಣ್ಣೆ ಎಲ್ಲಿ, ಎಷ್ಟು? ಬಣ್ಣ ಹೋದ ಜಾಗ ಇದೆಯಲ್ಲ, ಅಲ್ಲೇ. ಬೋಲ್ಟ್‌ನ ಬೆನ್ನು, ಪಕ್ಕಗಳು, ಸ್ಪ್ರಿಂಗ್ ಕೂರುವ ಕಡ್ಡಿ, ಬೋಲ್ಟ್ ಸವರುವ ಹ್ಯಾಮರ್‌ನ ಮೈ. ಬೆರಳಲ್ಲಿ ಸವರಿದರೆ ಹೊಳಪು ಕಾಣಬೇಕು, ಹನಿ ಇಳಿಯಬಾರದು. ಜಾರುವ ಜಾಗಕ್ಕೆ ತೆಳು ಗ್ರೀಸ್ ಹಾಕುವವರೂ ಇದ್ದಾರೆ. ಬೆಚ್ಚಗಿನ ಹವೆಯಲ್ಲಿ ಅದು ಚೆನ್ನಾಗಿ ನಿಲ್ಲುತ್ತದೆ. ಚಳಿಯಲ್ಲಿ ಗ್ರೀಸ್ ಗಟ್ಟಿಯಾಗಿ .22ರ ಪುಟ್ಟ ಶಕ್ತಿಯನ್ನು ತಿಂದುಹಾಕುತ್ತದೆ. ಹಾಗಾಗಿ .22ಗೆ ನನ್ನ ಓಟು ಎಣ್ಣೆಗೇ. ತುಕ್ಕು ಬಿಡಿಸುವ, ನೀರು ಓಡಿಸುವ ಸ್ಪ್ರೇಯನ್ನು ಎಣ್ಣೆಯ ಬದಲಿಗೆ ಬಳಸಬೇಡಿ. ಅದರ ತೆಳು ಭಾಗ ಆರಿಹೋಗಿ, ಉಳಿದದ್ದು ಅಂಟಾಗುತ್ತದೆ.

ಎಣ್ಣೆ ಹಾಕಬಾರದ ಜಾಗಗಳು ಇನ್ನೂ ಮುಖ್ಯ. ಚೇಂಬರ್ ಒಣಗಿರಲಿ. ಅಲ್ಲಿ ಎಣ್ಣೆ ನಿಂತರೆ ತೋಟೆ ಗೋಡೆಯನ್ನು ಹಿಡಿದುಕೊಳ್ಳುವುದಿಲ್ಲ, ಬೋಲ್ಟ್‌ಗೆ ಬೇಕಾದ್ದಕ್ಕಿಂತ ಜೋರಾಗಿ ಗುದ್ದುತ್ತದೆ. ಫೈರಿಂಗ್ ಪಿನ್ ಓಡಾಡುವ ಕಿಂಡಿಗೂ ಬೇಡ. ಎಣ್ಣೆಗೆ ಮಸಿ ಸೇರಿ ಪಿನ್ ಸೋಮಾರಿಯಾಗುತ್ತದೆ, ಪೆಟ್ಟು ಹಗುರಾಗುತ್ತದೆ. ಮ್ಯಾಗಜಿನ್ ಒಳಗೂ ಬೇಡ. .22 ಗುಂಡಿನ ಮೈಮೇಲೆ ಮೊದಲೇ ಮೇಣದಂಥ ಜಿಡ್ಡು ಇರುತ್ತದೆ, ಅದರ ಮದ್ದಿನಿಂದ ಮಸಿಯೂ ಜಾಸ್ತಿ. ಮೇಲೆ ನೀವೂ ಎಣ್ಣೆ ಸುರಿದರೆ ನೂರು ಗುಂಡಿನಲ್ಲಿ ಒಳಗೆಲ್ಲ ಕಪ್ಪು ಕೆಸರು.

ಇಷ್ಟಾದ ಮೇಲೆ ಕೈಯಲ್ಲೇ ಬೋಲ್ಟ್ ಆಡಿಸಬಹುದು. ಚೇಂಬರ್ ಖಾಲಿ ಇದೆ ಅಂತ ಮತ್ತೊಮ್ಮೆ ನೋಡಿಕೊಂಡು, ಸಂಜೆ ಕೂತಲ್ಲೇ ನೂರಿನ್ನೂರು ಸಲ ಎಳೆದು ಬಿಡಿ. ಎರಡು ಹೊಸ ಮೈಗಳು ಒಂದಕ್ಕೊಂದು ಹೊಂದಿಕೊಳ್ಳಲು ಇದು ನಿಜವಾಗಿ ಸಹಾಯ ಮಾಡುತ್ತದೆ. ಈ ಅಭ್ಯಾಸದಲ್ಲಿ ಹಿಡಿಯನ್ನು ಕೈಯಲ್ಲಿ ಹಿಡಿದೇ ಮುಂದಕ್ಕೆ ಬಿಡಬಹುದು. ತೋಟೆ ತುಂಬುವಾಗ ಮಾತ್ರ ಹಾಗೆ ಮಾಡಬೇಡಿ. ಪೂರ್ತಿ ಹಿಂದಕ್ಕೆಳೆದು ಫಟ್ ಅಂತ ಬಿಟ್ಟುಬಿಡಿ. ಕೈಯಲ್ಲಿ ಕರೆದುಕೊಂಡು ಹೋದರೆ ಬೋಲ್ಟ್ ಪೂರ್ತಿ ಮುಚ್ಚದೆ ಉಳಿಯುತ್ತದೆ, ಆಗ ರೈಫಲ್‌ಗೆ ಬೈಗುಳ. ಖಾಲಿ ಚೇಂಬರಿನಲ್ಲಿ ಟ್ರಿಗರ್ ಒತ್ತುವ ಬಗ್ಗೆ: .22ರಲ್ಲಿ ಪಿನ್ ಹೊಡೆಯುವುದು ತೋಟೆಯ ಅಂಚಿಗೆ. ಕೆಲವು ರೈಫಲ್‌ಗಳಲ್ಲಿ ತೋಟೆ ಇಲ್ಲದಾಗ ಪಿನ್ ನೇರ ಚೇಂಬರಿನ ಅಂಚಿಗೇ ಬಡಿಯುತ್ತದೆ. 10/22ಗೆ ತೊಂದರೆ ಇಲ್ಲ ಅಂತ ರೂಗರ್ ಕೈಪಿಡಿಯೇ ಹೇಳುತ್ತದೆ. ನಿಮ್ಮದಕ್ಕೆ ನಿಮ್ಮ ಕೈಪಿಡಿ ನೋಡಿ.

ಪಾಲಿಶ್‌ಗೆ ಬರೋಣ. ಮುನ್ನೂರು ನಾನೂರು ಗುಂಡು ಆದಮೇಲೆ ಬೋಲ್ಟ್ ಬಿಚ್ಚಿ ನೋಡಿದರೆ ಉಜ್ಜುವ ಜಾಗದಲ್ಲಿ ಕನ್ನಡಿಯಂಥ ಪಟ್ಟೆಗಳು ಬಿದ್ದಿರುತ್ತವೆ. ರಿಸೀವರ್ ಒಳಗಿನ ಲೇಪವೂ ಅಷ್ಟೇ ಜಾಗದಲ್ಲಿ ನಯವಾಗಿರುತ್ತದೆ. ಅಂದರೆ ಬೇಕಾದ ಪಾಲಿಶನ್ನು ರೈಫಲ್ ತಾನೇ ಮಾಡಿಕೊಂಡಿದೆ, ಬೇಕಾದಲ್ಲಿ ಮಾತ್ರ, ಬೇಕಾದಷ್ಟೇ. ನಾವು ಎಮರಿ ಹಿಡಿದು ಕೂತರೆ ಹಾಗಾಗುವುದಿಲ್ಲ. ಅಂಚು ದುಂಡಗಾಗುತ್ತದೆ, ಸಮತಟ್ಟಾದ ಮೈ ಹೊಟ್ಟೆ ಬಿಡುತ್ತದೆ. ಉಕ್ಕಿನ ಬೋಲ್ಟ್‌ನ ಗಟ್ಟಿ ಪದರವಾಗಲಿ, ಅಲ್ಯೂಮಿನಿಯಂ ರಿಸೀವರ್‌ನ ಲೇಪವಾಗಲಿ ತುಂಬಾ ತೆಳು. ಅದು ಹೋದರೆ ಕೆಳಗಿನ ಮೆತ್ತನೆ ಲೋಹ ಬೇಗ ಸವೆಯುತ್ತದೆ.

ಉಜ್ಜುವ ಪೇಸ್ಟನ್ನು ಬೋಲ್ಟ್‌ಗೆ ಹಚ್ಚಿ ನೂರು ಸಲ ಎಳೆಯಿರಿ ಅನ್ನುವ ಸಲಹೆಯೂ ನಿಮ್ಮ ಕಿವಿಗೆ ಬೀಳಬಹುದು. ದಯವಿಟ್ಟು ಬೇಡ. ಆ ಪೇಸ್ಟ್ ಹೇಳಿದ ಜಾಗದಲ್ಲಿ ನಿಲ್ಲುವುದಿಲ್ಲ. ಹ್ಯಾಮರ್ ಪಿನ್ನಿಗೂ ಟ್ರಿಗರ್ ಒಳಗೂ ಇಳಿದು ಸದ್ದಿಲ್ಲದೆ ತಿನ್ನುತ್ತಾ ಕೂರುತ್ತದೆ.

ಉಗುರಿಗೆ ತಡೆಯುವ ಆ ಮುಳ್ಳು ಇದ್ದರೆ ಅದನ್ನಷ್ಟೇ ನಯವಾದ ಕಲ್ಲಿನಲ್ಲಿ, ಎಣ್ಣೆ ಹಾಕಿ, ಒಂದೆರಡು ಸಲ ಸವರಿ ತೆಗೆಯಬಹುದು. ಆಮೇಲೆ ಪುಡಿ ಉಳಿಯದಂತೆ ಪೂರ್ತಿ ತೊಳೆಯಿರಿ. ಅದಕ್ಕಿಂತ ಮುಂದೆ ಹೋಗುವುದಾದರೆ ಗನ್‌ಸ್ಮಿತ್ ಕೈಗೆ ಕೊಡಿ. 10/22ರಲ್ಲಿ ಬೋಲ್ಟ್‌ನ ಹಿಂದಿನ ಕೆಳ ಅಂಚನ್ನು ಸ್ವಲ್ಪ ದುಂಡಗೆ ಮಾಡಿ ಹ್ಯಾಮರ್ ಮೇಲೆ ಸಲೀಸಾಗಿ ಹತ್ತುವ ಹಾಗೆ ಮಾಡುತ್ತಾರೆ. ಒಳ್ಳೆಯ ಕೆಲಸ, ಆದರೆ ಅಳತೆ ಗೊತ್ತಿದ್ದವರ ಕೆಲಸ. ಬೋಲ್ಟ್‌ನ ಮುಖ, ಖಾಲಿ ತೋಟೆಯನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್‌ನ ಕೊಕ್ಕೆ, ಚೇಂಬರಿನ ಬಾಯಿ, ಇವನ್ನು ಮನೆಯಲ್ಲಿ ಮುಟ್ಟಲೇಬಾರದು. ಹ್ಯಾಮರ್ ಮತ್ತು ಅದನ್ನು ಹಿಡಿದಿಡುವ ಸಿಯರ್ ಕಚ್ಚಿಕೊಳ್ಳುವ ಮೈಯಂತೂ ಬೇಡವೇ ಬೇಡ. ಅಲ್ಲಿ ಕೂದಲೆಳೆಯಷ್ಟು ಹೋದರೂ ರೈಫಲ್ ಮುಟ್ಟದೇ ಸಿಡಿಯಬಹುದು, ಒಂದು ಸಲ ಒತ್ತಿದರೆ ಎರಡು ಗುಂಡು ಹೋಗಬಹುದು. ಅದು ಪ್ರಾಣಕ್ಕೂ ಅಪಾಯ, ಕಾನೂನಿಗೂ ಅಪರಾಧವಾಗಬಹುದು.

ಸ್ಪ್ರಿಂಗ್ ಯಾಕೆ ಕತ್ತರಿಸಬಾರದು ಅಂತ ಈಗ ಹೇಳುತ್ತೇನೆ. ನಿಮ್ಮ ಗೆಳೆಯರ ತರ್ಕ ಪೂರ್ತಿ ಸುಳ್ಳಲ್ಲ. ಹಗುರ ಸ್ಪ್ರಿಂಗ್ ಇದ್ದರೆ ಬೋಲ್ಟ್ ಹಿಂದಕ್ಕೆ ಸುಲಭವಾಗಿ ಹೋಗುತ್ತದೆ. ಆದರೆ ಅದನ್ನು ಮುಂದಕ್ಕೆ ತರುವುದೂ ಅದೇ ಸ್ಪ್ರಿಂಗ್. ಬೋಲ್ಟ್ ಮುಚ್ಚಿರುವಾಗ ಅದನ್ನು ಒತ್ತಿ ಹಿಡಿಯುವ ಬಲ ಕಡಿಮೆಯಾದರೆ ತೋಟೆ ಚೇಂಬರಿಗೆ ಪೂರ್ತಿ ಕೂರುವ ಮೊದಲೇ ಬೋಲ್ಟ್ ನಿಲ್ಲಬಹುದು. ಆಗ ಒಂದೋ ಪಿನ್ನಿನ ಪೆಟ್ಟು ಸಾಲದೆ ತೋಟೆ ಹಾರುವುದಿಲ್ಲ. ಇಲ್ಲವೇ, ಇದು ಕೆಟ್ಟದ್ದು, ಅರೆ ಮುಚ್ಚಿದ ಚೇಂಬರಿನಲ್ಲೇ ತೋಟೆ ಹಾರಿ ತೆಳು ಹಿತ್ತಾಳೆ ಒಡೆದು, ಚೂರು ಮುಖದ ಕಡೆ ಬರುತ್ತದೆ. ಜೊತೆಗೆ ಮುಂದೆ ನೀವು ಹೈ ವೆಲಾಸಿಟಿ ತೋಟೆ ಹಾಕಿದ ದಿನ ಬೋಲ್ಟ್ ಹಿಂದಿನ ತಡೆಗೆ ಹೋಗಿ ಜೋರಾಗಿ ಬಡಿಯುತ್ತದೆ. 10/22ರಲ್ಲಿ ಅಲ್ಲಿ ಉಕ್ಕಿನ ಪಿನ್ ಇದೆ. ಅದರ ಬದಲಿಗೆ ಪಾಲಿಯುರೆಥೇನ್ ಪಿನ್ ಮಾರುತ್ತಾರೆ. ಹಾಕಿದರೆ ಟಕ್ ಅನ್ನುವ ಸದ್ದು ಕಡಿಮೆಯಾಗುತ್ತದೆ, ಹಿತವಾಗಿದೆ. ಅದರಿಂದ ಓಡಾಟ ಸಲೀಸಾಗುತ್ತದೆ ಅನ್ನುವುದು ಮಾತ್ರ ಮಾರುವವರ ಮಾತು.

ಇನ್ನು ಖಾಲಿ ತೋಟೆ ಸಿಕ್ಕಿಕೊಳ್ಳುವುದು. ಹೇಗೆ ಸಿಕ್ಕಿಕೊಂಡಿದೆ ಅಂತ ನೋಡದೆ ಕೂಡಲೇ ಕಿತ್ತೆಸೆಯುವುದು ಎಲ್ಲರ ಅಭ್ಯಾಸ. ಮುಂದಿನ ಸಲ ನಳಿಗೆಯನ್ನು ಗುರಿ ಕಡೆ ಇಟ್ಟು, ಟ್ರಿಗರ್‌ನಿಂದ ಬೆರಳು ತೆಗೆದು ಸ್ವಲ್ಪ ನೋಡಿ. ಖಾಲಿ ತೋಟೆ ಕಿಟಕಿಯಲ್ಲಿ ಹೊಗೆಕೊಳವೆಯ ಹಾಗೆ ನೆಟ್ಟಗೆ ನಿಂತಿದ್ದರೆ ಬೋಲ್ಟ್ ಸಾಕಷ್ಟು ಹಿಂದಕ್ಕೆ ಹೋಗಿಲ್ಲ. ಖಾಲಿ ತೋಟೆ ಹೊರಗೆ ಬಿದ್ದು, ಹೊಸದು ಮೇಲೆ ಬರದೆ ಬೋಲ್ಟ್ ಬರಿದೇ ಮುಚ್ಚಿಕೊಂಡಿದ್ದರೂ ಅದೇ ಕಾರಣ ಇರಬಹುದು, ಅಥವಾ ಮ್ಯಾಗಜಿನ್ ತೋಟೆಯನ್ನು ಬೇಗ ಎತ್ತುತ್ತಿಲ್ಲ. ಖಾಲಿ ತೋಟೆ ಚೇಂಬರಿನಲ್ಲೇ ಉಳಿದಿದ್ದರೆ ಮಾತ್ರ ಎಕ್ಸ್‌ಟ್ರಾಕ್ಟರ್ ಮತ್ತು ಚೇಂಬರ್ ನೋಡಬೇಕು. ಕೊಕ್ಕೆಯ ಅಡಿಯಲ್ಲಿ ಮಸಿ ತುಂಬಿದ್ದರೆ ಟೂತ್‌ಪಿಕ್‌ನಲ್ಲಿ ಕೆರೆದು ತೆಗೆಯಿರಿ, ಚೇಂಬರಿಗೆ ಬ್ರಷ್ ಆಡಿಸಿ. ಹೊಸ ತೋಟೆ ಅರ್ಧ ಹೋಗಿ ನಿಂತರೆ ಕೊಳೆ ಚೇಂಬರ್, ಒಣ ಬೋಲ್ಟ್ ಅಥವಾ ಮ್ಯಾಗಜಿನ್‌ನ ತುಟಿ (ಮೇಲಿನ ತೋಟೆಯನ್ನು ಹಿಡಿಯುವ ಅಂಚು) ಕಾರಣ.

ಮ್ಯಾಗಜಿನ್ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ. ಎರಡು ಇದ್ದರೆ ಒಂದಕ್ಕೆ ಒಂದು ಚುಕ್ಕಿ, ಇನ್ನೊಂದಕ್ಕೆ ಎರಡು ಚುಕ್ಕಿ ಇಡಿ. ತೊಂದರೆ ಯಾವಾಗಲೂ ಒಂದರಲ್ಲೇ ಬಂದರೆ ರೈಫಲ್ ಬಿಡಿ, ಆ ಮ್ಯಾಗಜಿನ್ ನೋಡಿ. ಹೊಸದರಲ್ಲಿ ಸ್ಪ್ರಿಂಗ್ ಬಿಗಿಯಾಗಿದ್ದರೆ ಮೊದಮೊದಲು ಒಂದೆರಡು ತೋಟೆ ಕಡಿಮೆ ತುಂಬಿದರೂ ಆದೀತು. ಮೇಲಿನ ತೋಟೆ ಬೋಲ್ಟ್‌ನ ಹೊಟ್ಟೆಗೆ ಒತ್ತುವ ಬಲ ಅಷ್ಟು ಇಳಿಯುತ್ತದೆ.

ಗ್ಯಾಸ್‌ನಿಂದ ಓಡುವ ದೊಡ್ಡ ರೈಫಲ್ ಇಟ್ಟುಕೊಂಡವರೂ ಇದನ್ನು ಓದುತ್ತಿರಬಹುದು, ಅವರಿಗೆ ನಾಲ್ಕು ಮಾತು. ಅಲ್ಲಿ ಬೋಲ್ಟ್‌ಗೆ ಲಾಕ್ ಇದೆ, ನಳಿಗೆಯಿಂದ ಕದ್ದ ಸ್ವಲ್ಪ ಗ್ಯಾಸ್ ಅದನ್ನು ಬಿಡಿಸಿ ಓಡಿಸುತ್ತದೆ. ಯುಜೀನ್ ಸ್ಟೋನರ್ ವಿನ್ಯಾಸದ ಎಆರ್ 15ರಲ್ಲಿ ಆ ಗ್ಯಾಸ್ ಬೋಲ್ಟನ್ನು ಹೊತ್ತು ಓಡುವ ಕ್ಯಾರಿಯರ್ ಒಳಕ್ಕೇ ಬರುತ್ತದೆ, ಹಾಗಾಗಿ ಎಣ್ಣೆ ಬೇಗ ಒಣಗುತ್ತದೆ. ಕ್ಯಾರಿಯರ್ ಜಾರುವ ನಾಲ್ಕು ಪಟ್ಟಿ, ಬೋಲ್ಟನ್ನು ತಿರುಗಿಸುವ ಕ್ಯಾಮ್ ಪಿನ್, ಬೋಲ್ಟ್‌ನ ಮೈ, ಇಲ್ಲಿಗೆ .22ಗಿಂತ ಧಾರಾಳವಾಗಿ ಎಣ್ಣೆ ಹಾಕಿ. ಬೋಲ್ಟನ್ನು ಹೊರಕ್ಕೆಳೆದು, ಅದರ ಮುಖ ಕೆಳಗೆ ಮಾಡಿ ಕ್ಯಾರಿಯರನ್ನು ಮೇಜಿನ ಮೇಲೆ ನಿಲ್ಲಿಸಿ. ಕ್ಯಾರಿಯರ್ ತನ್ನ ತೂಕಕ್ಕೇ ಕುಸಿದರೆ ಬೋಲ್ಟ್ ಸುತ್ತ ಗ್ಯಾಸ್ ಸೋರದಂತೆ ತಡೆಯುವ ಗ್ಯಾಸ್ ರಿಂಗ್‌ಗಳು ಸವೆದಿವೆ. ಹೊಸದರಲ್ಲಿ ಅದು ಗಟ್ಟಿಯಾಗಿ ನಿಲ್ಲುವುದೇ ಸರಿ, ಆ ಬಿಗಿಯನ್ನು ದೋಷ ಅಂದುಕೊಳ್ಳಬೇಡಿ. ಸುಮಾರು 85 ಗ್ರಾಂನ ಮಾಮೂಲಿ ಕಾರ್ಬೈನ್ ಬಫರ್ (ಕ್ಯಾರಿಯರ್ ಹಿಂದೆ ಕೂರುವ ತೂಕ) ತೆಗೆದು ಬೇರೆ ತೂಕದ್ದು ಹಾಕುವ ಆತುರ ಮೊದಲ ಕೆಲವು ನೂರು ಗುಂಡಿನವರೆಗೆ ಬೇಡ. ಗ್ಯಾಸ್ ಕಿಂಡಿಗೆ ಡ್ರಿಲ್ ಹಾಕುವುದಂತೂ ಹಿಂದೆಗೆಯಲಾಗದ ಕೆಲಸ. 1936ರಲ್ಲಿ ಅಮೆರಿಕದ ಸೇನೆಗೆ ಸೇರಿದ ಎಂ1 ಗ್ಯಾರಂಡ್ ಥರದ ಹಳೆಯ ವಿನ್ಯಾಸಗಳು ಆಪರೇಟಿಂಗ್ ರಾಡ್‌ನ ಜಾಡಿನಲ್ಲಿ ಗ್ರೀಸ್‌ನ್ನೇ ಕೇಳುತ್ತವೆ.

ನಿಮ್ಮ .22ಗೆ ವಾಪಸ್. ತೊಳೆದು, ಎಣ್ಣೆ ಹಾಕಿ, ಹೈ ವೆಲಾಸಿಟಿ ತೋಟೆಯಲ್ಲಿ ಐನೂರು ಗುಂಡು ಹೊಡೆದ ಮೇಲೂ, ಎರಡೂ ಮ್ಯಾಗಜಿನ್‌ನಲ್ಲಿ ಅದೇ ಕಥೆಯಾದರೆ ಕಂಪನಿಗೆ ವಾಪಸ್ ಕಳಿಸಿ. ಯಾವ ತೋಟೆ, ಎಷ್ಟು ಗುಂಡು, ಹೇಗೆ ಸಿಕ್ಕಿಕೊಂಡಿತು ಅಂತ ಒಂದು ಚೀಟಿ ಬರೆದಿಡಿ, ಸಿಕ್ಕಿಕೊಂಡಾಗಿನ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಕತ್ತರಿಸಿದ ಸ್ಪ್ರಿಂಗ್, ಉಜ್ಜಿದ ಬೋಲ್ಟ್ ಕಂಡರೆ ವಾರಂಟಿಗೆ ಅವರು ಒಪ್ಪುವುದು ಕಷ್ಟ.

ಎಲ್ಲ ಸರಿಹೋದ ಮೇಲೆ ನಿಮ್ಮ ಕಡಿಮೆ ವೇಗದ ತೋಟೆಯನ್ನು ಮತ್ತೆ ಹಾಕಿ ನೋಡಿ. 1070 ಅಡಿಯ ಸ್ಟ್ಯಾಂಡರ್ಡ್ ತೋಟೆಯಾದರೆ ಪಳಗಿದ ರೈಫಲ್‌ನಲ್ಲಿ ಬಹುಶಃ ಓಡುತ್ತದೆ. ಅದಕ್ಕಿಂತ ಕೆಳಗಿನದು ಓಡದಿದ್ದರೆ ಒಂದೊಂದು ಗುಂಡಿಗೂ ಬೋಲ್ಟನ್ನು ಕೈಯಲ್ಲೇ ಎಳೆದು ಹೊಡೆಯಬಹುದು, ರೈಫಲ್‌ಗೆ ಏನೂ ಆಗುವುದಿಲ್ಲ.